ಆಕಳಿಗೆ ಹಾಕಿದ ಒಂದು ಬುಟ್ಟಿ ಅನ್ನ: ಹೊಟ್ಟೆಯೊಳಗೆ ನಿಜಕ್ಕೂ ಏನಾಗುತ್ತದೆ?

"ಮದುವೆ ಊಟದಲ್ಲಿ ಮಿಕ್ಕ ಅನ್ನ ಚೆಲ್ಲಬೇಡಿ, ಗೋಮಾತೆಗೆ ಹಾಕಿ ಪುಣ್ಯ ಕಟ್ಟಿಕೊಳ್ಳಿ" ಎನ್ನುವಂಥ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಅದರ ಬೆನ್ನಿಗೇ ಬೇರೆ ಬಗೆಯವೂ ಬರುತ್ತವೆ. ರಾತ್ರಿ ಚೆನ್ನಾಗಿದ್ದ ಎಮ್ಮೆ ಬೆಳಗಾಗುವಷ್ಟರಲ್ಲಿ ಸತ್ತಿತ್ತು, ಯಾರೋ ವಿಷ ಹಾಕಿದ್ದಾರೆ. ಲಸಿಕೆ ಹಾಕಿಸಿದ್ದಕ್ಕೇ ಕುರಿ ಸತ್ತವು. ಹೊಟ್ಟೆ ಉಬ್ಬಿದರೆ ಎಣ್ಣೆ ಕುಡಿಸಿ, ಡಾಕ್ಟರು ಬೇಕಿಲ್ಲ. ಮೇಲ್ನೋಟಕ್ಕೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಮಾತುಗಳು. ಆದರೆ ಎಲ್ಲವೂ ಹೋಗಿ ಮುಟ್ಟುವುದು ಒಂದೇ ಜಾಗಕ್ಕೆ: ದನಕರುಗಳ ಹೊಟ್ಟೆಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳಿಗೆ.

ಪುಣ್ಯದ ವಿಚಾರ ಹಿರಿಯರಿಗೆ ಬಿಡೋಣ. ಹೊಟ್ಟೆಯ ವಿಚಾರ ಮಾತ್ರ ನೋಡೋಣ. ಅದಕ್ಕೆ ನಾವು ಒಬ್ಬ ವಿಜ್ಞಾನಿಯ ಕೆಲಸವನ್ನು ಹಿಡಿದುಕೊಂಡು ಹೋಗುತ್ತೇವೆ. ಅವರು ಡಾ. ಟಿ. ಜಿ. ನಾಗರಾಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಅಂದರೆ ಹೆಬ್ಬಾಳದ ಪಶುವೈದ್ಯ ಕಾಲೇಜು ಆಗ ಸೇರಿದ್ದ ವಿಶ್ವವಿದ್ಯಾಲಯದಲ್ಲಿ, ಪಶುವೈದ್ಯ ಓದಿದವರು. 1970ರ ದಶಕದಲ್ಲಿ ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಪಿಎಚ್.ಡಿ. ಮಾಡಿ, ಅಲ್ಲೇ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕರಾದರು. ಆ ವಿಶ್ವವಿದ್ಯಾಲಯ ಇರುವ ಊರಿನ ಹೆಸರು ಮ್ಯಾನ್ಹಟನ್. ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳ ಮ್ಯಾನ್ಹಟನ್ ಅಲ್ಲ. ಸುತ್ತಲೂ ಹುಲ್ಲುಗಾವಲು, ದನಗಳು ಇರುವ ಮ್ಯಾನ್ಹಟನ್. ದಶಕಗಳ ಕಾಲ ಅವರು ಕೇಳುತ್ತ ಬಂದದ್ದು ಬಹುಮಟ್ಟಿಗೆ ಒಂದೇ ಪ್ರಶ್ನೆ: ದನದ ಹೊಟ್ಟೆಯ ಬ್ಯಾಕ್ಟೀರಿಯಾಗಳು ಯಾವಾಗ ದನವನ್ನು ಸಾಕುತ್ತವೆ, ಯಾವಾಗ ಕೊಲ್ಲುತ್ತವೆ?

ರಾಯಚೂರು ನಗರ, ಮಾನ್ವಿ, ದೇವದುರ್ಗ ಕಡೆಯ ದನಗಾರರಿಗೂ ಕುರಿಗಾರರಿಗೂ ಇದು ದೂರದ ಪ್ರಶ್ನೆಯಲ್ಲ.

ಮೇಯುವುದು ಆಕಳು, ಉಣ್ಣುವುದು ಬ್ಯಾಕ್ಟೀರಿಯಾ

ಆಕಳು ಹುಲ್ಲು ತಿಂದು ಜೀರ್ಣಿಸಿಕೊಳ್ಳುತ್ತದೆ ಎಂದು ನಾವು ಹೇಳುತ್ತೇವೆ. ನಿಜಕ್ಕೂ ಆಕಳಿಗೆ ಆ ಶಕ್ತಿಯೇ ಇಲ್ಲ. ಕಣಕಿಯಲ್ಲಿ, ಭತ್ತದ ಹುಲ್ಲಿನಲ್ಲಿ ಇರುವ ನಾರನ್ನು ಒಡೆಯುವ ಕಿಣ್ವಗಳು ನಮ್ಮ ದೇಹದಲ್ಲಿ ಇಲ್ಲದಂತೆ ಆಕಳಿನ ದೇಹದಲ್ಲೂ ಇಲ್ಲ. ಆ ಕೆಲಸ ಮಾಡುವುದು ಅದರ ಮೊದಲ ಹೊಟ್ಟೆಯಲ್ಲಿ, ಅಂದರೆ ಮೆಲುಕು ಚೀಲದಲ್ಲಿ ಬದುಕುವ ಸೂಕ್ಷ್ಮಜೀವಿಗಳು. ದೊಡ್ಡ ಹಸುವಿನಲ್ಲಿ ಈ ಚೀಲ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಒಳಗೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಬಿಸಿ ಸುಮಾರು 39 ಡಿಗ್ರಿ. ಅಲ್ಲಿಯ ರಸದ ಒಂದೊಂದು ಮಿಲಿಲೀಟರಿನಲ್ಲೂ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಜೊತೆಗೆ ಲಕ್ಷಗಟ್ಟಲೆ ಪ್ರೋಟೋಜೋವಾ, ಒಂದಷ್ಟು ಶಿಲೀಂಧ್ರಗಳು.

ಇವು ನಾರನ್ನು ಕೊಳೆಯಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಸೌಮ್ಯ ಆಮ್ಲಗಳನ್ನು ಮಾಡುತ್ತವೆ. ಆಕಳಿಗೆ ಬೇಕಾದ ಶಕ್ತಿಯ ಬಹುಪಾಲು ಬರುವುದು ಈ ಆಮ್ಲಗಳಿಂದ. ಬ್ಯಾಕ್ಟೀರಿಯಾಗಳೇ ಮುಂದಿನ ಹೊಟ್ಟೆಗೆ ಹರಿದುಹೋಗಿ ಜೀರ್ಣವಾಗುವುದರಿಂದ ಪ್ರೋಟೀನೂ ಸಿಗುತ್ತದೆ. ಕೊಳೆಯುವಾಗ ಹುಟ್ಟಿದ ಅನಿಲ ತೇಗಿನಲ್ಲಿ ಹೊರಹೋಗುತ್ತದೆ. (ಹಸುವಿನ ಮೀಥೇನ್ ಹಿಂದಿನಿಂದ ಬರುತ್ತದೆ ಎಂಬ ನಗೆಹನಿ ಎಲ್ಲ ಕಡೆ ಓಡಾಡುತ್ತದೆ, ಬಹುತೇಕ ಎಲ್ಲವೂ ಬರುವುದು ಬಾಯಿಯಿಂದ.) ಒಟ್ಟಿನಲ್ಲಿ ದನ ಸಾಕುವವರು ಸಾಕುತ್ತಿರುವುದು ದನದ ಜೊತೆಗೆ ಅದರೊಳಗಿನ ಒಂದು ದೊಡ್ಡ ಹಿಂಡನ್ನೂ.

ಈ ಹಿಂಡನ್ನು ಪ್ರಯೋಗಾಲಯದಲ್ಲಿ ಸಾಕುವುದು ಬಹಳ ಕಾಲ ಆಗದ ಕೆಲಸವಾಗಿತ್ತು, ಏಕೆಂದರೆ ಗಾಳಿ ತಾಗಿದರೆ ಇವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಅಮೆರಿಕದ ರಾಬರ್ಟ್ ಹಂಗೇಟ್ ಗಾಳಿ ತಾಗದಂತೆ ಕೊಳವೆಯಲ್ಲಿ ಇವನ್ನು ಬೆಳೆಸುವ ಉಪಾಯ ಕಂಡುಹಿಡಿದು, 1966ರಲ್ಲಿ ಮೆಲುಕು ಚೀಲದ ಸೂಕ್ಷ್ಮಜೀವಿಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ನಾಗರಾಜ ಅವರ ತಲೆಮಾರಿನವರು ಕೆಲಸ ಶುರು ಮಾಡಿದ್ದು ಅಲ್ಲಿಂದ. ಇಂಥ ಸಂಶೋಧನೆಯಲ್ಲಿ ದನದ ಎಡ ಪಕ್ಕೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮುಚ್ಚಳವಿರುವ ರಬ್ಬರ್ ಕಿಂಡಿ ಕೂರಿಸುತ್ತಾರೆ. ಮುಚ್ಚಳ ತೆಗೆದು ಬೇಕೆಂದಾಗ ಹೊಟ್ಟೆಯ ರಸ ತೆಗೆದು ನೋಡಬಹುದು. ಅಂಥ ದನ ಮೇಯ್ದುಕೊಂಡು, ಮೆಲುಕು ಹಾಕಿಕೊಂಡು ವರ್ಷಗಟ್ಟಲೆ ಬದುಕುತ್ತದೆ. "ಹಸುವಿನ ಹೊಟ್ಟೆಗೆ ತೂತು ಕೊರೆದ ಕ್ರೂರಿಗಳು" ಎಂಬ ಒಕ್ಕಣೆಯೊಂದಿಗೆ ಓಡಾಡುವ ಚಿತ್ರಗಳು ಈ ಕಿಂಡಿಯವೇ.

ಅನ್ನ ಬಿದ್ದ ಮೇಲಿನ ಹನ್ನೆರಡು ತಾಸು

ಈಗ ಮದುವೆ ಮಂಟಪದ ಹಿಂಬಾಗಿಲಿಗೆ ಬನ್ನಿ. ರಾಯಚೂರು ನಗರದಲ್ಲಿ ಲಗ್ನದ ದಿನಗಳಲ್ಲಿ ಮಿಕ್ಕ ಅನ್ನ, ಹೋಳಿಗೆ, ಬೂಂದಿ ರಸ್ತೆ ಬದಿಗೆ ಬೀಳುತ್ತದೆ. ಬಿಡಾಡಿ ಆಕಳೊಂದು ಹೊಟ್ಟೆ ತುಂಬ ತಿನ್ನುತ್ತದೆ.

ನಾರು ನಿಧಾನವಾಗಿ ಕೊಳೆಯುವ ವಸ್ತು. ಪಿಷ್ಟ ಹಾಗಲ್ಲ. ಕಾಳಿನ ಪಿಷ್ಟ ಬೇಗ ಕೊಳೆಯುತ್ತದೆ, ನುಚ್ಚು ಮಾಡಿದರೆ ಇನ್ನೂ ಬೇಗ, ಬೇಯಿಸಿದರೆ ಅದಕ್ಕಿಂತ ಬೇಗ. ಬೆಲ್ಲ, ಸಕ್ಕರೆಯಂತೂ ಕೇಳುವುದೇ ಬೇಡ. ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಇದು ಒಮ್ಮೆಗೇ ಬಿದ್ದಾಗ ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬ ಬ್ಯಾಕ್ಟೀರಿಯಾಕ್ಕೆ ಹಬ್ಬ. ಎಂದಿನ ದಿನಗಳಲ್ಲಿ ಅದು ಮೂಲೆಯಲ್ಲಿ ಅಷ್ಟಿಷ್ಟು ಇರುತ್ತದೆ. ಅನುಕೂಲ ಸಿಕ್ಕರೆ 20 ನಿಮಿಷದೊಳಗೆ ಎರಡರಷ್ಟಾಗಬಲ್ಲದು. ಅದು ಮಾಡುವುದು ಲ್ಯಾಕ್ಟಿಕ್ ಆಮ್ಲ, ಮೊಸರನ್ನು ಹುಳಿ ಮಾಡುವ ಅದೇ ಆಮ್ಲ. ಹೊಟ್ಟೆಯ ಎಂದಿನ ಆಮ್ಲಗಳಿಗಿಂತ ಇದು ಸುಮಾರು ಹತ್ತು ಪಟ್ಟು ಪ್ರಬಲ.

ಹುಲ್ಲು ತಿನ್ನುವ ದನದ ಮೆಲುಕು ಚೀಲದ ಪಿಎಚ್ ಮಟ್ಟ ಸಾಮಾನ್ಯವಾಗಿ 6ರಿಂದ 7ರ ನಡುವೆ ಇರುತ್ತದೆ. ಅದು 5.6ರ ಕೆಳಗೆ ಇಳಿದರೆ ನಾರು ಒಡೆಯುವ ಬ್ಯಾಕ್ಟೀರಿಯಾಗಳ ಕೆಲಸ ನಿಲ್ಲುತ್ತ ಬರುತ್ತದೆ. ಪ್ರೋಟೋಜೋವಾಗಳು ಸಾಯುತ್ತವೆ. ಲ್ಯಾಕ್ಟಿಕ್ ಆಮ್ಲವನ್ನೇ ತಿಂದು ಬದುಕುವ ಮೆಗಾಸ್ಫೇರಾ ಎಲ್ಸ್‌ಡೆನಿಯೈಯಂಥ ಬ್ಯಾಕ್ಟೀರಿಯಾಗಳೂ ಇವೆ. ಅವು ಹೆಚ್ಚಲು ಕಾಲ ಬೇಕು, ಆ ಕಾಲ ಅವಕ್ಕೆ ಸಿಗುವುದಿಲ್ಲ. ಪಿಎಚ್ 5ಕ್ಕಿಂತ ಕೆಳಗೆ ಹೋದ ಮೇಲೆ ಸ್ಟ್ರೆಪ್ಟೊಕಾಕಸ್ ಕೂಡ ಸೋಲುತ್ತದೆ, ಆದರೆ ಅದರ ಜಾಗಕ್ಕೆ ಹುಳಿ ತಡೆದುಕೊಳ್ಳುವ ಲ್ಯಾಕ್ಟೊಬ್ಯಾಸಿಲಸ್‌ಗಳು ಬಂದು ಆಮ್ಲ ಮಾಡುವುದನ್ನು ಮುಂದುವರಿಸುತ್ತವೆ. ಮೈಯಲ್ಲಿದ್ದ ನೀರು ಹೊಟ್ಟೆಯೊಳಕ್ಕೆ ಸೆಳೆಯಲ್ಪಡುತ್ತದೆ. ರಕ್ತ ಮಂದವಾಗುತ್ತದೆ. ಆಮ್ಲ ರಕ್ತಕ್ಕೂ ಇಳಿಯುತ್ತದೆ.

ಹೊರಗೆ ನಿಂತು ನೋಡುವವರಿಗೆ ಕಾಣುವುದು ಇಷ್ಟು: ದನ ಮೇವು ಬಿಟ್ಟಿದೆ, ಮೆಲುಕು ನಿಂತಿದೆ, ಕುಡಿದವರಂತೆ ತೂರಾಡುತ್ತದೆ. ಎಡ ಪಕ್ಕೆ ಅಲುಗಿಸಿದರೆ ಕೊಡದಲ್ಲಿ ನೀರು ತುಳುಕಿದ ಸದ್ದು. ಹುಳಿ ನಾತದ ತೆಳು ಸಗಣಿ. ಗುಳಿ ಬಿದ್ದ ಕಣ್ಣು. ಆಮೇಲೆ ನೆಲ ಹಿಡಿಯುತ್ತದೆ. ಇದಕ್ಕೆ ಪಶುವೈದ್ಯರು ಅಸಿಡೋಸಿಸ್ ಎನ್ನುತ್ತಾರೆ. ಊರಲ್ಲಿ ಹೆಚ್ಚಾಗಿ ಕೇಳುವುದು ಎರಡು ಮಾತು: "ಹುಳ ಮುಟ್ಟೈತಿ", ಇಲ್ಲವೇ "ಯಾರೋ ಏನೋ ಹಾಕ್ಯಾರ". ಹಾಕಿದ್ದು ನಿಜ. ಹಾಕಿದವರು ವೈರಿಗಳಲ್ಲ, ಅಷ್ಟೇ.

ಹಾಗಾದರೆ ದಿನಾ ಒಂದು ತುತ್ತು ಅನ್ನ, ಒಂದು ರೊಟ್ಟಿ ಕೊಟ್ಟರೂ ದನ ಸಾಯುತ್ತದೆಯೇ? ಇಲ್ಲ. ಕಾರಹುಣ್ಣಿಮೆಗೆ ಎತ್ತಿನ ಬಾಯಿಗೆ ಒಂದು ಹೋಳಿಗೆ ಇಟ್ಟರೆ ಅದರ ಬ್ಯಾಕ್ಟೀರಿಯಾಗಳು ಬೇಸರಪಡುವುದಿಲ್ಲ. ಅಪಾಯ ಇರುವುದು ಪ್ರಮಾಣದಲ್ಲಿ, ಅದಕ್ಕಿಂತ ಹೆಚ್ಚಾಗಿ ದಿಢೀರ್ ಬದಲಾವಣೆಯಲ್ಲಿ. ಒಂದು ಓಣಿಯಲ್ಲಿ ಹತ್ತು ಮನೆಯವರು ಹಬ್ಬದ ದಿನ ಒಂದೇ ಆಕಳಿಗೆ ಒಂದೊಂದು ತಟ್ಟೆ ಇಟ್ಟರೆ, ಪ್ರತಿ ಮನೆಯದೂ "ಸ್ವಲ್ಪ"ವೇ. ಆಕಳಿಗೆ ಮಾತ್ರ ಅದು ಒಂದು ಬುಟ್ಟಿ.

ಕ್ಯಾನ್ಸಸ್‌ನಲ್ಲಿ ಇದೇ ರೋಗ, ಬೇರೆ ಕಾರಣಕ್ಕೆ

ನಾಗರಾಜ ಅವರು ಕೆಲಸ ಮಾಡಿದ ಸೀಮೆಯಲ್ಲಿ ದನಗಳಿಗೆ ಕಾಳು ಹಾಕುವುದು ಪುಣ್ಯಕ್ಕಲ್ಲ, ಲೆಕ್ಕಕ್ಕೆ. ಅಮೆರಿಕದ ಮಾಂಸದ ದನಗಳನ್ನು ಕೊನೆಯ ತಿಂಗಳುಗಳಲ್ಲಿ ದೊಡ್ಡ ದೊಡ್ಡ ಆವರಣಗಳಲ್ಲಿ ಕೂಡಿಹಾಕಿ ಮೆಕ್ಕೆಜೋಳ ಮುಂತಾದ ಕಾಳನ್ನೇ ಮುಖ್ಯವಾಗಿ ತಿನ್ನಿಸುತ್ತಾರೆ, ಬೇಗ ತೂಕ ಬರಲೆಂದು. ಹುಲ್ಲುಗಾವಲಿನಿಂದ ಬಂದ ದನಕ್ಕೆ ಮೊದಲ ದಿನವೇ ಪೂರ್ತಿ ಕಾಳು ಹಾಕಿದರೆ ನಾವು ಮೇಲೆ ಹೇಳಿದ ಕಥೆಯೇ ನಡೆಯುತ್ತದೆ. ಅದಕ್ಕೇ ಅಲ್ಲಿ ಎರಡು ಮೂರು ವಾರ ಹಿಡಿದು ಕಾಳನ್ನು ಹಂತಹಂತವಾಗಿ ಏರಿಸುತ್ತಾರೆ. ಆ ವಾರಗಳಲ್ಲಿ ಒಗ್ಗುವುದು ದನದ ನಾಲಿಗೆಯಲ್ಲ. ಹೊಟ್ಟೆಯೊಳಗೆ ಲ್ಯಾಕ್ಟಿಕ್ ಆಮ್ಲ ತಿನ್ನುವ ಬ್ಯಾಕ್ಟೀರಿಯಾಗಳ ಸಂಖ್ಯೆ ಬೆಳೆಯಬೇಕು, ಮೆಲುಕು ಚೀಲದ ಒಳಗೋಡೆ ಆಮ್ಲ ಹೀರಲು ಸಜ್ಜಾಗಬೇಕು.

1981ರಲ್ಲಿ ನಾಗರಾಜ ಮತ್ತು ಅವರ ಜೊತೆಗಾರರು ಪ್ರಕಟಿಸಿದ ಒಂದು ಪ್ರಬಂಧ ಇದೇ ವಿಷಯದ್ದು: ಲಾಸಲೋಸಿಡ್ ಅಥವಾ ಮೊನೆನ್ಸಿನ್ ಎಂಬ ಔಷಧ ಕೊಟ್ಟ ದನಗಳಲ್ಲಿ ಈ ಲ್ಯಾಕ್ಟಿಕ್ ಆಮ್ಲದ ಏರಿಕೆಯನ್ನು ತಡೆಯಬಹುದು ಎಂದು ಅದು ತೋರಿಸಿತು. ಇವು ಎಲ್ಲ ಬ್ಯಾಕ್ಟೀರಿಯಾಗಳನ್ನೂ ಒಂದೇ ಸಮ ಕೊಲ್ಲುವುದಿಲ್ಲ. ಲ್ಯಾಕ್ಟಿಕ್ ಆಮ್ಲ ಮಾಡುವವನ್ನು ಹತ್ತಿಕ್ಕುತ್ತವೆ, ಅದನ್ನು ತಿನ್ನುವವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ನಮಗೆ ಇದರಲ್ಲಿ ಮುಖ್ಯ ಅನ್ನಿಸುವುದು ಔಷಧಕ್ಕಿಂತ ಅದರ ಹಿಂದಿನ ತಿಳಿವಳಿಕೆ. ರೋಗಾಣು ಹೊರಗಿನಿಂದ ಬಂದದ್ದಲ್ಲ, ಮನೆಯವರೇ. ಆದ್ದರಿಂದ ಕೇಳಬೇಕಾದದ್ದು "ಯಾವ ಕ್ರಿಮಿ ಹೊಕ್ಕಿತು" ಎಂದಲ್ಲ, "ಯಾರ ಸಂಖ್ಯೆ ಏರಿತು, ಯಾರದು ಇಳಿಯಿತು" ಎಂದು.

(ಮೊನೆನ್ಸಿನ್ ಕುದುರೆಗೆ ವಿಷ. ದನದ ಔಷಧ ಕುದುರೆಗೂ ಆದೀತು ಎಂದು ಯಾರಾದರೂ ಸಲಹೆ ಕೊಟ್ಟರೆ ಅಲ್ಲೇ ನಿಲ್ಲಿಸಿ.)

ಹೊಟ್ಟೆಯ ಹುಣ್ಣು ಯಕೃತ್ತಿಗೆ

ಹುಳಿ ಹೊಟ್ಟೆಯಿಂದ ಬದುಕಿ ಉಳಿದ ದನದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾಗರಾಜ ಅವರ ಅತಿ ದೊಡ್ಡ ಕೊಡುಗೆ ಇರುವುದು ಈ ಮುಂದಿನ ಅಧ್ಯಾಯದಲ್ಲಿ.

ಆಮ್ಲ ಮೆಲುಕು ಚೀಲದ ಒಳಗೋಡೆಯನ್ನು ಸುಡುತ್ತದೆ. ಆ ಗಾಯದಲ್ಲಿ ಫ್ಯುಸೊಬ್ಯಾಕ್ಟೀರಿಯಂ ನೆಕ್ರೊಫೋರಂ ಎಂಬ ಬ್ಯಾಕ್ಟೀರಿಯಾ ಬೇರು ಬಿಡುತ್ತದೆ. ಇದೂ ಹೊಟ್ಟೆಯ ಹಳೆಯ ನಿವಾಸಿಯೇ. ಇದರ ಮೆಚ್ಚಿನ ಆಹಾರ ಲ್ಯಾಕ್ಟಿಕ್ ಆಮ್ಲ, ಹಾಗಾಗಿ ಕಾಳು ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಹೊಟ್ಟೆಯಿಂದ ಹೊರಟ ರಕ್ತ ಮೊದಲು ಹೋಗುವುದು ಯಕೃತ್ತಿಗೆ. ಅದರ ಜೊತೆ ಈ ಬ್ಯಾಕ್ಟೀರಿಯಾ ಹೋಗಿ ಅಲ್ಲಿ ಕೀವಿನ ಗಂಟುಗಳನ್ನು ಮಾಡುತ್ತದೆ. ವಿಚಿತ್ರವೆಂದರೆ ದನ ಹೊರಗಿನಿಂದ ಆರೋಗ್ಯವಾಗಿಯೇ ಕಾಣಬಹುದು. ಗಂಟು ಕಣ್ಣಿಗೆ ಬೀಳುವುದು ಹೆಚ್ಚಾಗಿ ಕಸಾಯಿಖಾನೆಯಲ್ಲಿ.

1998ರಲ್ಲಿ ನಾಗರಾಜ ಮತ್ತು ಅದೇ ವಿಶ್ವವಿದ್ಯಾಲಯದ ಎಂ. ಎಂ. ಚೆಂಗಪ್ಪ ಸೇರಿ ಈ ಕಾಯಿಲೆಯ ಬಗ್ಗೆ ಬರೆದ ವಿಮರ್ಶಾ ಲೇಖನ ಈಗಲೂ ಈ ವಿಷಯದ ಮೊದಲ ಪಾಠದಂತಿದೆ. ಹೆಚ್ಚಿನ ದನದ ಆವರಣಗಳಲ್ಲಿ ನೂರಕ್ಕೆ 12ರಿಂದ 32 ದನಗಳ ಯಕೃತ್ತಿನಲ್ಲಿ ಇಂಥ ಗಂಟು ಇರುತ್ತವೆ ಎಂದು ಅದರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಈ ಬ್ಯಾಕ್ಟೀರಿಯಾ ಗೆಲ್ಲುವುದು ಹೇಗೆ ಎಂಬುದನ್ನೂ ಅವರ ತಂಡ ಬಿಡಿಸಿತು. ಅದು ಲ್ಯುಕೋಟಾಕ್ಸಿನ್ ಎಂಬ ವಿಷ ಸುರಿಸಿ, ತನ್ನನ್ನು ಹಿಡಿಯಲು ಬಂದ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತದೆ. 2001ರಲ್ಲಿ ಆ ವಿಷದ ಜೀನನ್ನೂ ಅವರು ಪತ್ತೆಹಚ್ಚಿ ವಿವರಿಸಿದರು. ವಿಷ ಗೊತ್ತಾದರೆ ಅದರ ವಿರುದ್ಧ ಲಸಿಕೆ ಮಾಡಬಹುದು ಎಂಬ ದಾರಿಯಲ್ಲೂ ಬಹಳ ಕೆಲಸ ಮಾಡಿದರು.

ಈ ಬ್ಯಾಕ್ಟೀರಿಯಾ ನಮ್ಮ ಕುರಿಗಾರರಿಗೆ ಅಪರಿಚಿತವಲ್ಲ, ಹೆಸರು ಮಾತ್ರ ಅಪರಿಚಿತ. ಮಳೆಗಾಲದಲ್ಲಿ ಕೆಸರಿನಲ್ಲಿ ನಿಂತ ಕುರಿಗಳ ಗೊರಸು ಕೊಳೆತು ಕುಂಟುವ ರೋಗದಲ್ಲೂ ಇದರ ಕೈ ಇದೆ.

ಮಾನ್ವಿಯ ಗದ್ದೆ, ದೇವದುರ್ಗದ ಹೊಲ

ಮಾನ್ವಿ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ನೀರು ಬಂದ ವರ್ಷ ಎಲ್ಲಿ ನೋಡಿದರೂ ನೆಲ್ಲು. ಕೊಯ್ಲಾದ ಮೇಲೆ ಗದ್ದೆಗೆ ಕುರಿ ಬಿಡುವುದು, ಹಿಕ್ಕೆ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬುವುದು ಹಳೆಯ ರೂಢಿ. ಒಳ್ಳೆಯ ರೂಢಿಯೇ. ಆದರೆ ಯಂತ್ರದಲ್ಲಿ ಕೊಯ್ದ ಗದ್ದೆಯಲ್ಲಿ ಉದುರಿದ ಕಾಳು ಒಂದೊಂದು ಕಡೆ ದಪ್ಪಗೆ ಬಿದ್ದಿರುತ್ತದೆ. ನಿನ್ನೆಯವರೆಗೆ ಒಣ ಹುಲ್ಲು ಮೇಯ್ದ ಕುರಿ ಇಂದು ಹೊಟ್ಟೆ ತುಂಬ ಕಾಳು ತಿನ್ನುತ್ತದೆ.

ಆಗ ಆಗಬಹುದಾದದ್ದು ಎರಡು. ಒಂದು, ಮೇಲೆ ಹೇಳಿದ ಅಸಿಡೋಸಿಸ್. ಇನ್ನೊಂದು, ಕುರಿಗಾರರು ಚೆನ್ನಾಗಿ ಬಲ್ಲ ಕರುಳು ಬೇನೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಡಿ ಬಗೆ ಆರೋಗ್ಯವಂತ ಕುರಿಯ ಕರುಳಿನಲ್ಲೂ ಅಷ್ಟಿಷ್ಟು ಇರುತ್ತದೆ. ಜೀರ್ಣವಾಗದ ಪಿಷ್ಟ ಸಣ್ಣ ಕರುಳಿಗೆ ಜಾರಿದಾಗ ಅದು ವಿಪರೀತ ಬೆಳೆದು ವಿಷ ಸುರಿಸುತ್ತದೆ. ಆ ವಿಷ ಮಿದುಳಿಗೂ ಮೂತ್ರಪಿಂಡಕ್ಕೂ ಹೋಗುತ್ತದೆ. ಕುರಿ ಕೆಲವೇ ತಾಸುಗಳಲ್ಲಿ, ಕೆಲವೊಮ್ಮೆ ಯಾವ ಲಕ್ಷಣವೂ ಕಾಣದೆ ಸಾಯುತ್ತದೆ. ಸಾಯುವುದು ಬಡಕಲು ಕುರಿಯಲ್ಲ. ಚೆನ್ನಾಗಿ ಮೇಯ್ದ, ಗುಂಪಿನಲ್ಲೇ ದಷ್ಟಪುಷ್ಟವಾದ ಮರಿ. "ದೃಷ್ಟಿ ಆಯ್ತು" ಎನ್ನುವ ಮಾತು ಹುಟ್ಟುವುದೂ ಇಲ್ಲಿಯೇ.

ಇದಕ್ಕೆ ಒಳ್ಳೆಯ ಲಸಿಕೆ ಇದೆ. ಮಳೆಗಾಲಕ್ಕೆ ಮುಂಚೆ ಹಾಕಿಸುವುದು ಪದ್ಧತಿ. ಲಸಿಕೆಯಿಂದಲೇ ಕುರಿ ಸತ್ತವು ಎಂಬ ಸಂದೇಶದ ಬಗ್ಗೆ ಒಂದು ಮಾತು. ಲಸಿಕೆ ಹಾಕಿದ ಕೂಡಲೇ ರಕ್ಷಣೆ ಬರುವುದಿಲ್ಲ. ಮೊದಲ ಸಲ ಹಾಕಿಸಿದ ಕುರಿಗೆ ಎರಡನೆಯ ಸಲವೂ ಹಾಕಿಸಬೇಕಾಗುತ್ತದೆ. ಈ ನಡುವಿನ ದಿನಗಳಲ್ಲಿ ಕುರಿ ಹಸಿ ಚಿಗುರು ಅಥವಾ ಕಾಳಿಗೆ ಬಿದ್ದರೆ ಕರುಳು ಬೇನೆ ಬರಬಲ್ಲದು. ನೋಡುವವರಿಗೆ "ಸೂಜಿ ಚುಚ್ಚಿಸಿದ ವಾರಕ್ಕೇ ಸತ್ತಿತು" ಎಂದೇ ಕಾಣುತ್ತದೆ. ಯಾವುದು ನಿಜ ಎಂದು ತಿಳಿಯಲು ಸತ್ತ ಕುರಿಯನ್ನು ಕೊಯ್ದು ನೋಡಬೇಕು. ಫೋನಿನಲ್ಲಿ ಬಂದ ಚಿತ್ರ ನೋಡಿ ಹೇಳಲು ಆಗದು.

ದೇವದುರ್ಗದ ಕಡೆ ಹೊಲದ ಬಗೆ ಬೇರೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಕಡೆ ನೀರಾವರಿ, ಉಳಿದ ಕಡೆ ಮಳೆ ನಂಬಿದ ಜೋಳ, ತೊಗರಿ, ಹತ್ತಿ. ಇಲ್ಲಿ ಹೊಟ್ಟೆಯ ಬ್ಯಾಕ್ಟೀರಿಯಾ ಇನ್ನೊಂದು ರೀತಿಯಲ್ಲಿ ಕೈಕೊಡುತ್ತದೆ. ಎಳೆಯ ಜೋಳ, ಮಳೆಯಿಲ್ಲದೆ ಸೊರಗಿ ನಿಂತ ಜೋಳ, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ ಜೋಳ, ಈ ಮೂರರಲ್ಲೂ ಧುರಿನ್ ಎಂಬ ವಸ್ತು ಹೆಚ್ಚು. ಅದರಷ್ಟಕ್ಕೆ ಅದು ವಿಷವಲ್ಲ. ಆದರೆ ಮೆಲುಕು ಚೀಲದ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಸಯನೈಡ್ ಬಿಡುಗಡೆ ಮಾಡುತ್ತವೆ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಿರುವ ಹಂದಿಯಂಥ ಪ್ರಾಣಿಗಿಂತ ಮೆಲುಕು ಹಾಕುವ ಆಕಳಿಗೆ ಇದರಿಂದ ಅಪಾಯ ಹೆಚ್ಚು, ಅದೂ ತನಗೆ ಊಟ ಬೇಯಿಸಿ ಕೊಡುವವರ ದೆಸೆಯಿಂದಲೇ. ಸಾವು ನಿಮಿಷಗಳಲ್ಲಿ ಬರಬಹುದು. ಅದೇ ಜೋಳ ಬಲಿತು, ಒಣಗಿ ಕಣಕಿಯಾದ ಮೇಲೆ ಅಪಾಯ ಬಹಳ ಕಡಿಮೆಯಾಗುತ್ತದೆ. "ಚಿಗುರು ಜೋಳಕ್ಕೆ ದನ ಬಿಡಬ್ಯಾಡ್ರಿ" ಎನ್ನುವ ಅಜ್ಜಂದಿರ ಮಾತು ಅಪ್ಪಟ ವಿಜ್ಞಾನ. ಫಾರ್ವರ್ಡ್ ಮಾಡಬೇಕಾದ ಸಂದೇಶ ಯಾವುದಾದರೂ ಇದ್ದರೆ ಅದು ಇದು.

ಎಣ್ಣೆ, ಮಜ್ಜಿಗೆ, ಸೋಡಾ

ಈಗ ಮನೆಮದ್ದಿನ ಸಂದೇಶಗಳು. ಹೊಟ್ಟೆ ಉಬ್ಬರಕ್ಕೆ ಎಣ್ಣೆ ಕುಡಿಸುವುದು ಪೂರ್ತಿ ಸುಳ್ಳಲ್ಲ. ಹಸಿ ದ್ವಿದಳ ಮೇವು ತಿಂದಾಗ ಹೊಟ್ಟೆಯಲ್ಲಿ ನೊರೆ ಕಟ್ಟಿ ತೇಗು ಹೊರಬರದೆ ಎಡ ಪಕ್ಕೆ ಡೊಳ್ಳಿನಂತೆ ಉಬ್ಬುತ್ತದೆ. ಎಣ್ಣೆ ಆ ನೊರೆಯನ್ನು ಒಡೆಯುತ್ತದೆ. ಆದರೆ ಕಾಳು ತಿಂದ ಅಸಿಡೋಸಿಸ್‌ನಲ್ಲಿ ತೊಂದರೆ ನೊರೆಯಲ್ಲ, ಆಮ್ಲ. ಅಲ್ಲಿ ಎಣ್ಣೆ ಏನೂ ಮಾಡದು. ತೂರಾಡುತ್ತಿರುವ, ತಲೆ ಎತ್ತಲಾಗದ ದನದ ಬಾಯಿಗೆ ಗೊಟ್ಟದಲ್ಲಿ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಸಾಧ್ಯತೆಯೇ ಹೆಚ್ಚು. ಹೊಟ್ಟೆಯಿಂದ ಸಾಯಬೇಕಾಗಿರಲಿಲ್ಲದ ದನ ನ್ಯುಮೋನಿಯಾದಿಂದ ಸಾಯುತ್ತದೆ.

ಮಜ್ಜಿಗೆ, ಮೊಸರು "ಒಳ್ಳೆಯ ಬ್ಯಾಕ್ಟೀರಿಯಾ" ಕೊಡುತ್ತವೆ ಎಂಬುದೂ ಇಲ್ಲಿಗೆ ಒಗ್ಗುವ ಮಾತಲ್ಲ. ಮೊಸರಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ಮಾಡುವಂಥವು. ಅದೇ ಆಮ್ಲದಲ್ಲಿ ಮುಳುಗಿರುವ ಹೊಟ್ಟೆಗೆ ಇನ್ನಷ್ಟು ಹುಳಿ ಸೇರಿಸಿ ಫಲವಿಲ್ಲ. ಅಡುಗೆ ಸೋಡಾ ಆಮ್ಲವನ್ನು ತಗ್ಗಿಸುತ್ತದೆ ನಿಜ. ಪಶುವೈದ್ಯರೂ ಅಂಥ ಕ್ಷಾರಗಳನ್ನು ಬಳಸುತ್ತಾರೆ. ಎಷ್ಟು, ಬಾಯಿಗೋ ರಕ್ತನಾಳಕ್ಕೋ ಎಂಬುದು ದನದ ತೂಕ ಮತ್ತು ಸ್ಥಿತಿ ನೋಡಿ ತೀರ್ಮಾನವಾಗಬೇಕು. ತೀರಾ ಕೆಟ್ಟರೆ ಹೊಟ್ಟೆ ಕೊಯ್ದು ಒಳಗಿನದನ್ನು ಹೊರತೆಗೆಯುತ್ತಾರೆ. ಆಮೇಲೆ ಆರೋಗ್ಯವಂತ ದನದ ಮೆಲುಕು ಚೀಲದ ರಸವನ್ನು ತಂದು ಹಾಕುವುದೂ ಉಂಟು. ಹಾಳಾದ ಊರಿಗೆ ಹೊಸ ಒಕ್ಕಲು ತಂದು ಕೂರಿಸಿದ ಹಾಗೆ. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾ ಕಸಿ ಸುದ್ದಿಯಾಗುವ ಎಷ್ಟೋ ಮೊದಲೇ ಪಶುವೈದ್ಯರು ಇದನ್ನು ಮಾಡುತ್ತಿದ್ದರು.

ಆಂಟಿಬಯಾಟಿಕ್‌ನ ಲೆಕ್ಕ, ಸಗಣಿಯ ಲೆಕ್ಕ

ಯಕೃತ್ತಿನ ಗಂಟು ತಡೆಯಲು ಅಮೆರಿಕದಲ್ಲಿ ಟೈಲೋಸಿನ್ ಎಂಬ ಆಂಟಿಬಯಾಟಿಕ್ ಅನ್ನು ದಿನಾ ಮೇವಿನಲ್ಲಿ ಬೆರೆಸುತ್ತಿದ್ದರು. ಅದು ಗಂಟುಗಳನ್ನು ನೂರಕ್ಕೆ 40ರಿಂದ 70ರಷ್ಟು ಕಡಿಮೆ ಮಾಡುತ್ತದೆ. ಆದರೆ ಅದು ಮನುಷ್ಯರಿಗೆ ಕೊಡುವ ಎರಿಥ್ರೊಮೈಸಿನ್‌ನ ಕುಲಕ್ಕೇ ಸೇರಿದ್ದು. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ ಎಂಬ ಭಯ ಬಲವಾಯಿತು. 2017ರ ಜನವರಿಯಿಂದ ಅಲ್ಲಿ ಇಂಥ ಔಷಧಗಳನ್ನು ಪಶುವೈದ್ಯರ ಅನುಮತಿ ಪತ್ರವಿಲ್ಲದೆ ಮೇವಿಗೆ ಬೆರೆಸುವಂತಿಲ್ಲ. ನಾಗರಾಜ ಅವರ ತಂಡ ಬದಲಿ ಹುಡುಕುತ್ತ ನಿಂಬೆ ಜಾತಿಯ ಸಿಪ್ಪೆಯಲ್ಲಿರುವ ಲಿಮೊನೀನ್ ಮುಂತಾದ ಸಸ್ಯ ತೈಲಗಳನ್ನೂ ಪರೀಕ್ಷಿಸಿತು. ಲಿಮೊನೀನ್ ಪ್ರಯೋಗಾಲಯದಲ್ಲಿ ಫ್ಯುಸೊಬ್ಯಾಕ್ಟೀರಿಯಂ ಅನ್ನು ತಡೆಯಿತು. ಇದನ್ನು ಓದಿ ದನಕ್ಕೆ ನಿಂಬೆ ಸಿಪ್ಪೆ ತಿನ್ನಿಸಲು ಹೊರಡಬೇಡಿ. ಗಾಜಿನ ಕೊಳವೆಯಲ್ಲಿ ಆದದ್ದು ನೂರು ಲೀಟರಿನ ಹೊಟ್ಟೆಯಲ್ಲಿ ಹಾಗೆಯೇ ಆಗುತ್ತದೆಂಬ ಖಾತ್ರಿಯಿಲ್ಲ. ಭಾರತದಲ್ಲೂ 2019ರ ಜುಲೈಯಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಮನುಷ್ಯರಿಗೆ ಬೇರೆ ಯಾವ ಔಷಧವೂ ನಾಟದಿದ್ದಾಗ ಕೊನೆಗೆ ಉಳಿಯುವ ಮದ್ದುಗಳಲ್ಲಿ ಅದೂ ಒಂದು.

ನಾಗರಾಜ ಅವರ ಇನ್ನೊಂದು ದೊಡ್ಡ ಕೆಲಸ ಇ. ಕೊಲೈ ಓ157 ಕುರಿತದ್ದು. 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಮಾಂಸದ ಬರ್ಗರ್ ತಿಂದವರಿಗೆ ರಕ್ತಭೇದಿ ಬಂದಾಗ ಇದು ಮೊದಲು ಗುರುತಿಗೆ ಬಂತು. ದನದ ಕರುಳಿನ ಕೊನೆಯ ಭಾಗದಲ್ಲಿ ಇದು ತಣ್ಣಗೆ ಇರುತ್ತದೆ, ದನಕ್ಕೆ ಏನೂ ಆಗುವುದಿಲ್ಲ. ಸಗಣಿಯ ಮೂಲಕ ಮನುಷ್ಯರಿಗೆ, ಅದರಲ್ಲೂ ಸಣ್ಣ ಮಕ್ಕಳಿಗೆ ತಲುಪಿದರೆ ಮೂತ್ರಪಿಂಡವೇ ಕೆಡಬಹುದು. 2008ರಲ್ಲಿ ಅವರ ತಂಡ ಒಂದು ಅನಿರೀಕ್ಷಿತ ಸಂಗತಿ ವರದಿ ಮಾಡಿತು: ಕಾಳಿನಿಂದ ಎಥನಾಲ್ ತೆಗೆದ ಮೇಲೆ ಉಳಿದ ಚರಟವನ್ನು ಮೇವಾಗಿ ಕೊಟ್ಟ ದನಗಳಲ್ಲಿ ಈ ಬ್ಯಾಕ್ಟೀರಿಯಾ ಹೆಚ್ಚು ಕಂಡಿತು. ಮೇವು ಬದಲಾದರೆ ದನದ ಆರೋಗ್ಯ ಮಾತ್ರವಲ್ಲ, ಅದರ ಸಗಣಿಯಲ್ಲಿ ಇರುವುದೂ ಬದಲಾಗುತ್ತದೆ.

ಹಸಿ ಹಾಲೇ ಅಮೃತ, ಕಾಯಿಸಿದರೆ ಸತ್ವ ಹೋಗುತ್ತದೆ ಎಂಬ ಸಂದೇಶಗಳಿಗೆ ಉತ್ತರ ಇಲ್ಲಿದೆ. ಎಷ್ಟೇ ಶುಚಿಯಾಗಿ ಕರೆದರೂ ಕೆಚ್ಚಲು ಇರುವುದು ಬಾಲದ ಹತ್ತಿರ. ನಮ್ಮ ಮನೆಗಳಲ್ಲಿ ಹಾಲು ಉಕ್ಕಿಸಿಯೇ ಕುಡಿಯುವ ಅಭ್ಯಾಸ ಇಂಥ ಬ್ಯಾಕ್ಟೀರಿಯಾಗಳನ್ನು ಒಲೆಯ ಮೇಲೆಯೇ ಮುಗಿಸುತ್ತದೆ. ಸಗಣಿ ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಮಗುವಿಗೆ ಉಣಿಸದಿರುವುದೂ ಅಷ್ಟೇ ಮುಖ್ಯ.

ದನ ಕಾಳಿಗೆ ಬಿದ್ದಾಗ

ಕಣದ ರಾಶಿಗೋ ಅಕ್ಕಿ ಚೀಲಕ್ಕೋ ಮದುವೆ ಅನ್ನಕ್ಕೋ ದನ ಬಿದ್ದದ್ದು ಗೊತ್ತಾದರೆ, ಲಕ್ಷಣ ಕಾಣುವವರೆಗೆ ಕಾಯಬೇಡಿ. ಮೊದಲ ಕೆಲವು ತಾಸುಗಳಲ್ಲಿ ದನ ಆರಾಮಾಗಿಯೇ ಇರುತ್ತದೆ, ಚಿಕಿತ್ಸೆ ಸುಲಭವಾಗಿರುವುದೂ ಆಗಲೇ. ಕಾಳಿನಿಂದ ದೂರ ಕಟ್ಟಿ, ತಿನ್ನಲು ಒಣ ಹುಲ್ಲು ಅಥವಾ ಕಣಕಿ ಮಾತ್ರ ಇಡಿ. ಒಣ ಮೇವು ಜಗಿದಷ್ಟೂ ಜೊಲ್ಲು ಹೆಚ್ಚುತ್ತದೆ, ಜೊಲ್ಲಿನಲ್ಲಿ ಸಹಜವಾಗಿಯೇ ಸೋಡಾದಂಥ ಕ್ಷಾರ ಇರುತ್ತದೆ. ಹಿಂಡಿ, ಬೂಸಾ, ಗಂಜಿ ಬೇಡ. ಬಾಯಿಗೆ ಏನನ್ನೂ ಸುರಿಯಬೇಡಿ.

ಹೊಸದಾಗಿ ಕರೆಯುವ ಎಮ್ಮೆಗೆ ನುಚ್ಚು, ಹಿಂಡಿ ಹೆಚ್ಚಿಸಬೇಕೆಂದಿದ್ದರೆ ಕ್ಯಾನ್ಸಸ್‌ನವರ ಹಾಗೆ ಎರಡು ಮೂರು ವಾರ ತೆಗೆದುಕೊಳ್ಳಿ, ಒಂದೇ ಸಲಕ್ಕೆ ಬದಲು ದಿನಕ್ಕೆ ಎರಡು ಮೂರು ಸಲ ಹಂಚಿ ಹಾಕಿ. ಕೊಯ್ದ ಗದ್ದೆಗೆ ಕುರಿ ಬಿಡುವ ಮೊದಲು ಹೊಟ್ಟೆ ತುಂಬ ಒಣ ಮೇವು ಹಾಕಿ, ಮೊದಮೊದಲು ಸ್ವಲ್ಪ ಹೊತ್ತು ಮಾತ್ರ ಬಿಡಿ. ಮದುವೆ ಮನೆಯ ಅನ್ನ ಮಿಕ್ಕರೆ ಜನರಿಗೆ ಹಂಚಿ. ಹಳಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ರಸ್ತೆಗೆ ಎಸೆದರೆ ಆಕಳು ಅನ್ನದ ಜೊತೆ ಚೀಲವನ್ನೂ ನುಂಗುತ್ತದೆ, ಅದನ್ನು ಯಾವ ಬ್ಯಾಕ್ಟೀರಿಯಾವೂ ಕರಗಿಸಲಾರದು.

ಸತ್ತ ಪ್ರಾಣಿ ಇದ್ದರೆ ಹೂಳುವ ಮೊದಲು ಮರಣೋತ್ತರ ಪರೀಕ್ಷೆ ಮಾಡಿಸಿ. ಮೆಲುಕು ಚೀಲ ತೆರೆದರೆ ಹುಳಿ ನಾತ ಮತ್ತು ಕಾಳಿನ ರಾಶಿ ತಾವೇ ಮಾತಾಡುತ್ತವೆ. ಹಿಂಡಿನ ಉಳಿದ ಪ್ರಾಣಿಗಳಿಗೆ ಏನು ಮಾಡಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ಪರಿಹಾರಕ್ಕೆ ಅರ್ಜಿ ಹಾಕುವಾಗಲೂ ಆ ವರದಿ ಬೇಕಾಗುತ್ತದೆ.

ಪಶು ಚಿಕಿತ್ಸಾ ವಾಹನಕ್ಕೆ ಶುಲ್ಕವಿಲ್ಲದ ದೂರವಾಣಿ ಸಂಖ್ಯೆ 1962. ಕರೆ ಮಾಡಿದಾಗ ಮೂರು ವಿಷಯ ಹೇಳಿ: ಏನು ತಿಂದಿದೆ, ಅಂದಾಜು ಎಷ್ಟು, ತಿಂದು ಎಷ್ಟು ತಾಸಾಯಿತು. ಅನ್ನ ಹಾಕಿದವರು ಪಕ್ಕದ ಮನೆಯವರಾಗಿದ್ದರೂ ಸಂಕೋಚ ಬೇಡ, ಅದನ್ನೂ ಹೇಳಿ.